ಹದಿಹರೆಯದ ಮಕ್ಕಳ ಹಲ್ಲು: ಮೊದಲು ಎಣಿಸಿ, ಆಮೇಲೆ ತಿದ್ದಿಸಿ

ಕ್ಲಿಪ್ ಹಾಕಿಸಬೇಕೆ ಬೇಡವೆ ಎಂಬ ಚರ್ಚೆ ಮನೆಯಲ್ಲಿ ಶುರುವಾಗುವ ಮುಂಚೆ ಮಗುವಿನ ಹಲ್ಲು ಎಣಿಸಿ. ಹದಿಮೂರು ಹದಿನಾಲ್ಕರ ಹೊತ್ತಿಗೆ ಮೇಲೆ 14, ಕೆಳಗೆ 14 ಶಾಶ್ವತ ಹಲ್ಲು ಇರಬೇಕು. ಬುದ್ಧಿಹಲ್ಲು ಈ ಲೆಕ್ಕಕ್ಕಿಲ್ಲ. ಮೊಬೈಲ್ ಟಾರ್ಚ್ ಹಿಡಿದು, ನಡುಗೆರೆಯಿಂದ ಬಲಕ್ಕೆ ಏಳು, ಎಡಕ್ಕೆ ಏಳು ಸಿಗುತ್ತವೆಯೇ ನೋಡಿ. ಒಂದು ಬದಿಯ ಹಲ್ಲು ಬಂದು ಆರು ತಿಂಗಳಾದರೂ ಇನ್ನೊಂದು ಬದಿಯಲ್ಲಿ ಅದರ ಜೋಡಿ ಕಾಣದಿದ್ದರೆ ಎಕ್ಸ್‌ರೇ ತೆಗೆಸಿ. ಎರಡೂ ದವಡೆ ಒಂದೇ ಚಿತ್ರದಲ್ಲಿ ಬರುವ ಒಪಿಜಿ ಸಾಕಾಗುತ್ತದೆ.

ಉದುರದೆ ನಿಂತ ಹಾಲುಹಲ್ಲನ್ನು ಮನೆಯಲ್ಲೇ ಅಲ್ಲಾಡಿಸಿ ಕೀಳಬೇಡಿ. ಕೆಳಗೆ ಶಾಶ್ವತ ಹಲ್ಲು ಹುಟ್ಟೇ ಇಲ್ಲದಿರಬಹುದು. ಹಾಗಿದ್ದರೆ ಆ ಪುಟ್ಟ ಹಲ್ಲೇ ಜಾಗವನ್ನೂ ಮೂಳೆಯನ್ನೂ ಕಾಯುತ್ತಿರುತ್ತದೆ. ಬುದ್ಧಿಹಲ್ಲು ಬಿಟ್ಟರೆ ಹುಟ್ಟದೇ ಉಳಿಯುವುದು ಹೆಚ್ಚಾಗಿ ಕೆಳಗಿನ ಎರಡನೇ ಕಿರುದವಡೆ ಹಲ್ಲು (ಕೋರೆಹಲ್ಲಿನ ಹಿಂದಿನ ಎರಡನೆಯದು) ಮತ್ತು ಮೇಲಿನ ಪಕ್ಕದ ಬಾಚಿಹಲ್ಲು.

ಕೋರೆಹಲ್ಲಿಗೆ ಬೇರೆಯೇ ಪರೀಕ್ಷೆ ಇದೆ, ಅದನ್ನು ಹತ್ತನೇ ವಯಸ್ಸಿಗೇ ಮಾಡಬೇಕು. ಮೇಲಿನ ಹಾಲುಕೋರೆಯ ಮೇಲ್ಗಡೆ, ತುಟಿಯ ಬದಿಯ ವಸಡಿನ ಮೇಲೆ ಬೆರಳಾಡಿಸಿದರೆ ಗಟ್ಟಿ ಉಬ್ಬು ಸಿಗಬೇಕು. ಹನ್ನೊಂದಾದರೂ ಸಿಗದಿದ್ದರೆ, ಅಥವಾ ಒಂದೇ ಬದಿ ಸಿಕ್ಕರೆ, ಹಲ್ಲು ಅಂಗುಳಿನ ಕಡೆ ತಿರುಗಿರುವ ಸಾಧ್ಯತೆ ಇದೆ. ಈ ಹಂತದಲ್ಲಿ ತಿಳಿದರೆ ಹಾಲುಕೋರೆ ಕೀಳಿಸುವುದರಿಂದಲೇ ಎಷ್ಟೋ ಸಲ ಹೊಸ ಹಲ್ಲು ತನ್ನ ದಾರಿ ಹಿಡಿಯುತ್ತದೆ. ಹದಿನೈದಕ್ಕೆ ಹೋದರೆ ವಸಡು ಬಿಡಿಸಿ, ಹಲ್ಲಿಗೆ ಸಣ್ಣ ಸರಪಳಿ ಅಂಟಿಸಿ, ಕ್ಲಿಪ್‌ಗೆ ಕಟ್ಟಿ ತಿಂಗಳುಗಟ್ಟಲೆ ಎಳೆಯಬೇಕಾಗುತ್ತದೆ. ಹಾಗೇ ಬಿಟ್ಟರೆ ಅದು ಪಕ್ಕದ ಬಾಚಿಹಲ್ಲಿನ ಬೇರನ್ನು ಕರಗಿಸಬಹುದು. ನೋವೇ ಇರುವುದಿಲ್ಲ, ಅದೇ ಅಪಾಯ.

ಮುಂದಿನ ಎರಡು ಹಲ್ಲಿನ ನಡುವಿನ ಸಂದನ್ನು ಕೆಲವರು ಅದೃಷ್ಟ ಅನ್ನುತ್ತಾರೆ, ಕೆಲವರು ತಂತಿ ಕಟ್ಟಿಸಲು ಓಡುತ್ತಾರೆ. ಎರಡು ಮಿಲಿಮೀಟರ್ ಒಳಗಿನ ಸಂದು ಕೋರೆಹಲ್ಲು ಇಳಿದಾಗ ಸಾಮಾನ್ಯವಾಗಿ ತಾನೇ ಮುಚ್ಚುತ್ತದೆ. ಆಮೇಲೂ ಉಳಿದರೆ ಕಾರಣ ಹುಡುಕಿಸಿ: ನಡುವೆ ಹೂತ ಹೆಚ್ಚುವರಿ ಹಲ್ಲು, ಮೇಲ್ತುಟಿಯನ್ನು ವಸಡಿಗೆ ಸೇರಿಸುವ ದಪ್ಪನೆಯ ತುಟಿಪಟ್ಟಿ, ಅಥವಾ ಗೂಟದಂತೆ ಚೂಪಾಗಿ ಬಂದ ಪಕ್ಕದ ಹಲ್ಲು. ಕಾರಣ ಬಿಟ್ಟು ಸಂದು ಮಾತ್ರ ಮುಚ್ಚಿದರೆ ಮತ್ತೆ ತೆರೆದುಕೊಳ್ಳುತ್ತದೆ.

ಕಲೆಗಳ ವಿಷಯ. ವಿಜಯಪುರ, ರಾಯಚೂರು, ಕೊಪ್ಪಳದ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದು, ಆಮೇಲೆ ಮುಂಬೈಗೆ ಬಂದ ಮಕ್ಕಳಲ್ಲಿ ಸುಣ್ಣ ಬಳಿದಂಥ ಪಟ್ಟೆ, ಕಂದು ಕಲೆ ಕಾಣುತ್ತದೆ. ಮುಂದಿನ ಹಲ್ಲಿನ ಎನಾಮಲ್ ತಯಾರಾಗುವುದು ಹುಟ್ಟಿನಿಂದ ಸುಮಾರು ನಾಲ್ಕೈದು ವರ್ಷದೊಳಗೆ. ಆಗ ಆ ನೀರಿನಿಂದ ದೇಹಕ್ಕೆ ಸೇರಿದ ಹೆಚ್ಚು ಫ್ಲೋರೈಡ್ ಅಲ್ಲೇ ಗುರುತು ಬಿಡುತ್ತದೆ. ಮುಂಬೈ ಪಾಲಿಕೆ ನೀರಿನಿಂದ ಕಲೆ ಹೆಚ್ಚುವುದೂ ಇಲ್ಲ, ಬ್ರಶ್ಶಿನಿಂದ ಹೋಗುವುದೂ ಇಲ್ಲ. ಮಗು ಸರಿಯಾಗಿ ಹಲ್ಲುಜ್ಜುವುದಿಲ್ಲ ಎಂದು ಬೈಯುವುದನ್ನು ಮೊದಲು ನಿಲ್ಲಿಸಿ. ಇದ್ದಿಲಪುಡಿ, ನಿಂಬೆರಸ, ಅಡುಗೆ ಸೋಡ ಹಚ್ಚಿ ತಿಕ್ಕಿದರೆ ಉಳಿದ ಎನಾಮಲ್ಲೂ ಸವೆಯುತ್ತದೆ. ಬಾಚಿಹಲ್ಲಿನ ಕಲೆಯ ಜೊತೆಗೆ ಆರನೇ ವಯಸ್ಸಿಗೆ ಬಂದ ದವಡೆ ಹಲ್ಲುಗಳೂ ಹಳದಿಯಾಗಿ ಪುಡಿಯಾಗುತ್ತಿದ್ದರೆ, ತಣ್ಣೀರಿಗೆ ಜುಮ್ಮೆನ್ನುತ್ತಿದ್ದರೆ ಅದು ಬೇರೆ ತೊಂದರೆ. ಅಲ್ಲಿ ದವಡೆ ಹಲ್ಲು ಉಳಿಸುವುದು ಮೊದಲು, ಅಂದ ಆಮೇಲೆ.

ವೈದ್ಯರ ಹತ್ತಿರ ಹೋಗುವ ಮುಂಚೆ ಮಗುವನ್ನು ಒಬ್ಬರೇ ಕೂತು ಕೇಳಿ, ಅಜ್ಜಿ ಚಿಕ್ಕಮ್ಮಂದಿರ ಎದುರಿಗಲ್ಲ. ಯಾವ ಹಲ್ಲು ಬೇಸರ ತರಿಸುತ್ತಿದೆ? ಎಲ್ಲಿ, ಯಾರ ಮುಂದೆ? ಹತ್ತರಲ್ಲಿ ಎಷ್ಟು? ಅಪ್ಪ ಅಮ್ಮನಿಗೆ ಉಬ್ಬುಹಲ್ಲು ಕಾಣುತ್ತಿರುತ್ತದೆ, ಮಗಳು ಒಂದು ಬಿಳಿ ಚುಕ್ಕೆಗೆ ಬಾಯಿ ಮುಚ್ಚಿ ನಗುತ್ತಿರುತ್ತಾಳೆ. ಮಗುವಿಗೇ ಬೇಸರವಿಲ್ಲದಿದ್ದರೆ ಅಂದದ ಚಿಕಿತ್ಸೆ ಬೇಕಿಲ್ಲ. ಹೂತ ಹಲ್ಲಿಗೆ ಮಾತ್ರ ಈ ಮಾತು ಸಲ್ಲದು. "ಮದುವೆ ಹೊತ್ತಿಗೆ ಮಾಡಿಸಿದರಾಯಿತು" ಎಂಬುದು ಹದಿನಾಲ್ಕರವಳಿಗೆ ಉತ್ತರವೇ ಅಲ್ಲ. ಕ್ಲಾಸಿನಲ್ಲಿ ಮಾತೇ ಬಿಟ್ಟರೆ, ಡಬ್ಬಿ ತೆರೆಯದೆ ವಾಪಸು ತಂದರೆ, ಗಂಟೆಗಟ್ಟಲೆ ಕನ್ನಡಿ ಮುಂದೆ ನಿಂತರೆ ಹಲ್ಲಿನ ಕೆಲಸವೊಂದೇ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಈಗ ಏನು ಮಾಡಿಸಬಹುದು? ಗೂಟದ ಹಲ್ಲಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಿ ಆಕಾರ ಕೊಡುವುದು ಹೆಚ್ಚಾಗಿ ಒಂದೇ ಭೇಟಿಯ ಕೆಲಸ. ಉಗುರು ಕಡಿಯುವ, ಪೆನ್ನಿನ ಮುಚ್ಚಳ ಕಚ್ಚುವ ಮಕ್ಕಳಲ್ಲಿ ಚಕ್ಕೆ ಏಳುತ್ತದೆ. ಚಹಾ, ಅರಿಶಿನದ ಬಣ್ಣಕ್ಕೆ ಆಗಾಗ ಪಾಲಿಶ್ ಬೇಕು. ಬಿಳಿ ಕಲೆಗೆ ತೆಳು ರೆಸಿನ್ ಇಳಿಸುವುದು, ಮೇಲ್ಪದರದ ಕಂದು ಕಲೆಗೆ ಕೂದಲೆಳೆಯಷ್ಟು ಸವೆಸುವ ಮೈಕ್ರೋಅಬ್ರೇಶನ್ ಇವೆ. ಇಲ್ಲದ ಹಲ್ಲಿನ ಜಾಗಕ್ಕೆ ಪ್ಲೇಟಿಗೆ ಅಂಟಿಸಿದ ಹಲ್ಲು ಅಥವಾ ಪಕ್ಕದ ಹಲ್ಲಿನ ಹಿಂಬದಿಗೆ ಅಂಟಿಸುವ ಬ್ರಿಜ್. ಮೂಳೆಗೆ ತಿರುಪಿನಂತೆ ಕೂರಿಸುವ ಇಂಪ್ಲಾಂಟ್ ಮಾತ್ರ ದವಡೆ ಬೆಳೆಯುವುದು ನಿಲ್ಲುವವರೆಗೆ ಬೇಡ: ಅದು ಮೂಳೆಗೆ ಬೆಸೆದುಕೊಳ್ಳುತ್ತದೆ, ಅಕ್ಕಪಕ್ಕದ ಹಲ್ಲು ಕೆಳಗಿಳಿಯುತ್ತವೆ, ಇದು ಮೇಲೇ ಉಳಿದು ಗಿಡ್ಡಗಾಣುತ್ತದೆ. ಹದಿನೆಂಟರ ಮುಂಚೆ ಹಲ್ಲು ಅರೆದು ಕ್ಯಾಪ್ ಹಾಕೋಣ ಎಂದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಎಳೆ ಹಲ್ಲಿನ ನರ ದೊಡ್ಡದು, ಅರೆತದಲ್ಲಿ ಪೆಟ್ಟಾದರೆ ರೂಟ್ ಕೆನಾಲ್ ಬರುತ್ತದೆ.

ಆ ಎರಡನೇ ಅಭಿಪ್ರಾಯಕ್ಕೆ ಮುಂಬೈಯಲ್ಲಿ ಸಿಎಸ್‌ಎಂಟಿ ರೈಲು ನಿಲ್ದಾಣದ ಬಳಿ ಸೇಂಟ್ ಜಾರ್ಜ್ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜು, ಮುಂಬೈ ಸೆಂಟ್ರಲ್‌ನ ನಾಯರ್ ದಂತ ಕಾಲೇಜು ಇವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ (ಹೊರರೋಗಿ ಚೀಟಿ) ಮಾಡಿಸಿ. ಹಳೆಯ ಎಕ್ಸ್‌ರೇ ಕೈಯಲ್ಲಿರಲಿ.

ಕ್ಲಿಪ್ ಹಾಕಿಸುವುದಾದರೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ, ನಾಲ್ಕರಿಂದ ಆರು ವಾರಕ್ಕೊಮ್ಮೆ ಭೇಟಿ. ಹತ್ತನೇ ಬೋರ್ಡ್ ಪರೀಕ್ಷೆಯ ವಾರದಲ್ಲಿ ತಂತಿ ಬಿಗಿಸುವುದು ಬೇಡ, ಮೂರ್ನಾಲ್ಕು ದಿನ ಜಗಿಯಲು ನೋಯುತ್ತದೆ. ಚಕ್ಕುಲಿ, ಕಬ್ಬು, ಭುಟ್ಟಾ (ಮೆಕ್ಕೆಜೋಳದ ತೆನೆ) ಕಚ್ಚುವಂತಿಲ್ಲ; ಕೋರಿರೊಟ್ಟಿ ಸಾರಿನಲ್ಲಿ ಚೆನ್ನಾಗಿ ನೆನೆದರೆ ತೊಂದರೆಯಿಲ್ಲ. ಕ್ಲಿಪ್ ತೆಗೆದ ಮೇಲೆ ಹಲ್ಲು ಸರಿಯದಂತೆ ಹಿಡಿಯುವ ರಿಟೇನರನ್ನು ಊಟದ ಹೊತ್ತು ಟಿಶ್ಯೂವಿನಲ್ಲಿ ಸುತ್ತಿಟ್ಟರೆ ಕಸದ ಡಬ್ಬಿ ಸೇರುತ್ತದೆ. ಅದಕ್ಕೊಂದು ಡಬ್ಬಿ ಕೊಡಿ, ಬಿಸಿನೀರಿನಲ್ಲಿ ತೊಳೆಯಬೇಡಿ, ಆಕಾರ ಕೆಡುತ್ತದೆ.