ಬಾಬಿನ್ ಕೇಸ್‌ನ ಸ್ಕ್ರೂ ಮುಟ್ಟುವ ಮೊದಲು ನಾನು ಏನೆಲ್ಲ ನೋಡುತ್ತೇನೆ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಹೊಲಿಗೆ ಮೆಷಿನ್ ಮನೆಗೆ ಬಂದ ಮೊದಲ ವರ್ಷ, ಬಟ್ಟೆಯ ಅಡಿಯಲ್ಲಿ ದಾರ ಗೋಜಲಾದಾಗೆಲ್ಲ ನಾನು ಮಾಡುತ್ತಿದ್ದದ್ದು ಒಂದೇ ಕೆಲಸ. ಬಾಬಿನ್ ಕೇಸ್ (ಕೆಳ ದಾರ ಸುತ್ತಿದ ಉರುಳೆ, ಅಂದರೆ ಬಾಬಿನ್, ಕೂರುವ ಪುಟ್ಟ ಡಬ್ಬಿ) ಹೊರಗೆ ತೆಗೆಯುವುದು, ಅದರ ಪುಟ್ಟ ಸ್ಕ್ರೂ ತಿರುಗಿಸುವುದು. ಬಲಕ್ಕೊಮ್ಮೆ, ಎಡಕ್ಕೊಮ್ಮೆ. ಸರಿಹೋದರೆ ನನ್ನ ಬುದ್ಧಿವಂತಿಕೆ, ಹೋಗದಿದ್ದರೆ ಮೆಷಿನ್ ಸರಿ ಇಲ್ಲ! ಹೀಗೆ ತಿರುಗಿಸುತ್ತಾ ತಿರುಗಿಸುತ್ತಾ ಒಂದು ದಿನ ಸ್ಕ್ರೂ ಪೂರ್ತಿ ಬಿಚ್ಚಿಕೊಂಡು ಚಿಮ್ಮಿತು. ಅದರ ಹಿಂದೆಯೇ ತೆಳ್ಳಗಿನ ಸ್ಪ್ರಿಂಗ್ ಪಟ್ಟಿ ಕೂಡ ಹಾರಿತು. ಪಟ್ಟಿ ಸಿಕ್ಕಿತು, ಸ್ಕ್ರೂ ಸಿಗಲಿಲ್ಲ. ಎಳ್ಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ನೆಲದ ಮೇಲೆ ಎಲ್ಲಿ ಅಂತ ಹುಡುಕುವುದು?

ಹೊಸ ಕೇಸ್ ತಂದೆ. ನೋಡಲು ಹಳೆಯದರ ಹಾಗೆಯೇ ಇತ್ತು, ಆದರೆ ಮೆಷಿನ್ ಒಳಗೆ ಕೂರಲಿಲ್ಲ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಾಗ ಗೊತ್ತಾಯಿತು. ಕೇಸ್‌ನಿಂದ ಹೊರಗೆ ಚಾಚಿಕೊಂಡ ಒಂದು ಕಡ್ಡಿ ಇರುತ್ತದಲ್ಲ (ನಾನು ಅದಕ್ಕೆ ಕೊಂಬು ಅನ್ನುತ್ತೇನೆ), ಅದು ಒಂದರಲ್ಲಿ ಗಡಿಯಾರದ 11ರ ಕಡೆಗೆ ವಾಲಿತ್ತು, ಇನ್ನೊಂದರಲ್ಲಿ 1ರ ಕಡೆಗೆ. ಎರಡೂ ಜಾತಿ ಸಿಗುತ್ತವೆ, ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಅದಕ್ಕೇ ಈಗ ಹೊಸದು ಕೊಳ್ಳಲು ಹೋಗುವಾಗ ಹಳೆಯ ಕೇಸನ್ನು ಜೇಬಿನಲ್ಲಿ ಹಾಕಿಕೊಂಡೇ ಹೋಗುತ್ತೇನೆ.

ಇಷ್ಟೆಲ್ಲ ಆದಮೇಲೆ, ಈ ಡಬ್ಬಿ ಒಳಗೆ ಕೂತು ಏನು ಮಾಡುತ್ತದೆ ಅಂತ ನೋಡಬೇಕು ಅನ್ನಿಸಿತು. ಬಟ್ಟೆ ಇಲ್ಲದೆ, ಮುಂದಿನ ಮುಚ್ಚಳ ತೆಗೆದು, ಟಾರ್ಚ್ ಹಿಡಿದು, ಕೈಯಲ್ಲೇ ಚಕ್ರವನ್ನು ನಿಧಾನಕ್ಕೆ ತಿರುಗಿಸಿದೆ. ಸೂಜಿ ಕೆಳಗಿಳಿದು ಸ್ವಲ್ಪ ಮೇಲೆ ಬರುವಷ್ಟರಲ್ಲಿ ದಾರ ಒಂದು ಕುಣಿಕೆಯಾಗುತ್ತದೆ, ಕೇಸ್ ಸುತ್ತ ತಿರುಗುವ ಶಟಲ್ ಎಂಬ ಕೊಕ್ಕೆಯ ಚೂಪು ಮೂತಿ ಆ ಕುಣಿಕೆಯನ್ನು ಹಿಡಿದು ಅಗಲ ಮಾಡುತ್ತದೆ, ಆಮೇಲೆ ಆ ಕುಣಿಕೆ ಇಡೀ ಬಾಬಿನ್ ಕೇಸನ್ನು ಸುತ್ತು ಹಾಕಿಕೊಂಡು ಆಚೆ ಬದಿಯಿಂದ ಜಾರಿ ಮೇಲಕ್ಕೆ ಹೋಗುತ್ತದೆ. ಅಂದರೆ ಪ್ರತಿ ಹೊಲಿಗೆಗೂ ಮೇಲಿನ ದಾರ ಕೇಸ್‌ನ ಹಿಂದೆ, ಮುಂದೆ, ಕೊಂಬಿನ ಪಕ್ಕ ಎಲ್ಲ ಕಡೆ ಹಾದು ಹೋಗಬೇಕು. ಹಾಗಾದರೆ ಕೇಸ್ ಯಾವುದಕ್ಕೂ ಗಟ್ಟಿಯಾಗಿ ಅಂಟಿಕೊಂಡಿರಲು ಸಾಧ್ಯವೇ ಇಲ್ಲ ಅಲ್ವಾ? ಅದು ಸುಮ್ನೆ ತೇಲುತ್ತಿರುತ್ತದೆ. ಶಟಲ್ ಜೊತೆ ತಿರುಗಿ ಹೋಗದಂತೆ ತಡೆಯುವುದು ಆ ಕೊಂಬು ಮಾತ್ರ. ಅದಕ್ಕೂ ಅದು ಕೂರುವ ಕಚ್ಚಿಗೂ ನಡುವೆ ಒಂದು ದಾರ ನುಸುಳುವಷ್ಟು ಸಂದು ಇರಲೇಬೇಕು.

ಇದು ಹಳೆಯ ಯೋಚನೆ. ಎಲಾಯಸ್ ಹೋವ್ ಎಂಬ ಅಮೆರಿಕದ ಸಂಶೋಧಕನಿಗೆ 1846ರಲ್ಲಿ ಪೇಟೆಂಟ್ ಸಿಕ್ಕ ಮೆಷಿನ್‌ನಲ್ಲಿ ದೋಣಿಯಂಥ ಶಟಲ್ ಕುಣಿಕೆಯೊಳಗೆ ಅತ್ತಿತ್ತ ಓಡಾಡುತ್ತಿತ್ತು. 1851ರಲ್ಲಿ ಅಲೆನ್ ವಿಲ್ಸನ್ ಎಂಬಾತ ತಿರುಗುವ ಕೊಕ್ಕೆಗೆ ಪೇಟೆಂಟ್ ಪಡೆದ. ಶಟಲನ್ನು ಕುಣಿಕೆಯೊಳಗೆ ತೂರಿಸುವ ಬದಲು ಕುಣಿಕೆಯನ್ನೇ ಕೆಳ ದಾರದ ಸುತ್ತ ಸುತ್ತಿಸಿದ. ನಮ್ಮ ಮನೆ ಮೆಷಿನ್‌ಗಳ ಒಳಗೆ ನಡೆಯುವುದೂ ಅದೇ ಆಟ. ಇದನ್ನು ಒಮ್ಮೆ ಕಣ್ಣಾರೆ ನೋಡಿದ ಮೇಲೆ ನನ್ನ ರಿಪೇರಿಯ ದಾರಿಯೇ ಬದಲಾಯಿತು. ಸ್ಕ್ರೂ ಕೊನೆಗೆ ಹೋಯಿತು.

ಈಗ ಅಡಿಯಲ್ಲಿ ಗೋಜಲು ಕಂಡರೆ ಮೊದಲು ಮುಟ್ಟುವುದು ಮೇಲಿನ ದಾರವನ್ನು. ಹೌದು, ಮೇಲಿನದು. ಅಡಿಯಲ್ಲಿ ಕಾಣುವ ಆ ಸಡಿಲ ಕುಣಿಕೆಗಳು ಹೆಚ್ಚಿನ ಸಲ ಮೇಲಿನ ದಾರದ್ದೇ. ಮೇಲೆ ಅದನ್ನು ಹಿಡಿದುಕೊಳ್ಳುವವರಿಲ್ಲದೆ ಕೆಳಗೆ ರಾಶಿ ಬೀಳುತ್ತದೆ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫುಟ್ ಕೆಳಗೆ ಇಟ್ಟುಕೊಂಡೇ ದಾರ ಪೋಣಿಸಿದರೆ, ದಾರಕ್ಕೆ ಬಿಗಿ ಕೊಡುವ ಟೆನ್ಷನ್ ತಟ್ಟೆಗಳು ಬಿಗಿಯಾಗಿ ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಇಳಿಯುವುದೇ ಇಲ್ಲ. ಫುಟ್ ಎತ್ತಿ, ಪೂರ್ತಿ ದಾರ ತೆಗೆದು, ಮತ್ತೆ ಮೊದಲಿನಿಂದ ಪೋಣಿಸಿ. ಆಮೇಲೆ ಫುಟ್ ಇಳಿಸಿ ದಾರ ಎಳೆದು ನೋಡಿ, ಈಗ ಬಿಗಿ ಹತ್ತಬೇಕು. ನನ್ನ ಆ ಮೊದಲ ವರ್ಷದ ಗೋಜಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದರಿಂದಲೇ ಆದವು ಅಂತ ಈಗ ಅನ್ನಿಸುತ್ತದೆ. ಪಾಪದ ಸ್ಕ್ರೂ.

ಗೋಜಲು ಹೊಲಿಗೆ ಶುರು ಮಾಡುವ ಜಾಗದಲ್ಲಿ ಮಾತ್ರ ಆಗುತ್ತಿದ್ದರೆ ಕೇಸನ್ನು ತೆಗೆಯುವುದೂ ಬೇಡ. ಎರಡೂ ದಾರದ ತುದಿಗಳನ್ನು ಹತ್ತು ಸೆಂಟಿಮೀಟರ್‌ನಷ್ಟು ಉದ್ದ ಬಿಟ್ಟು, ಹಿಂದಕ್ಕೆ ಎಳೆದು, ಮೊದಲ ಮೂರು ನಾಲ್ಕು ಹೊಲಿಗೆ ಬೀಳುವವರೆಗೆ ಕೈಯಲ್ಲಿ ಹಿಡಿದುಕೊಂಡರೆ ಸಾಕು.

ಎರಡನೆಯದು ಸೂಜಿ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊಂಡಾದರೆ ಬದಲಿಸಿ, ಪೂರ್ತಿ ಮೇಲಕ್ಕೆ ತಳ್ಳಿ ಬಿಗಿ ಮಾಡಿ, ಚಪ್ಪಟೆ ಬದಿ ಯಾವ ಕಡೆ ಇರಬೇಕು ಅಂತ ಮೆಷಿನ್ ಪುಸ್ತಕದಲ್ಲಿ ನೋಡಿಕೊಳ್ಳಿ. ಹೊಲಿಗೆ ಬಿಟ್ಟು ಬಿಟ್ಟು ಬೀಳುವುದಕ್ಕೆ ಬಾಬಿನ್ ಕೇಸನ್ನು ಬೈಯುವವರು ಮೊದಲು ಇದನ್ನು ನೋಡಲಿ.

ಮೂರನೆಯದು ಕಸ. ಇಲ್ಲಿ ಮಾತ್ರ ನಿಧಾನವಾಗಿ ಹೋಗೋಣ. ಪ್ಲಗ್ ತೆಗೆದು, ಸೂಜಿಯನ್ನು ಪೂರ್ತಿ ಮೇಲಕ್ಕೆ ತಂದು, ಕೇಸ್‌ನ ಚಿಲಕ ಹಿಡಿದು ಹೊರಗೆ ಎಳೆಯುತ್ತೇನೆ. ಚಿಲಕ ತೆರೆದೇ ಇಟ್ಟರೆ ಬಾಬಿನ್ ಬೀಳುವುದಿಲ್ಲ, ಬಿಟ್ಟರೆ ಉರುಳುತ್ತದೆ. ನನ್ನ ಮೆಷಿನ್‌ನಲ್ಲಿ ಎರಡು ಬದಿಯ ಕ್ಲಿಪ್ ತೆರೆದರೆ ಉಂಗುರದಂಥ ಮುಚ್ಚಳ ಬರುತ್ತದೆ, ಅದರ ಹಿಂದೆ ಶಟಲ್ ಬರುತ್ತದೆ. ಮೊದಲ ಸಲ ತೆಗೆಯುವಾಗ ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ, ತೆಗೆಯುವಾಗ ಎಲ್ಲ ಸುಲಭ ಅನ್ನಿಸುತ್ತದೆ, ಹಾಕುವಾಗಲೇ ಶಟಲ್‌ನ ಅರ್ಧಚಂದ್ರ ಆಕಾರ ಯಾವ ಕಡೆ ಇತ್ತು ಅಂತ ತಲೆ ಕೆರೆದುಕೊಳ್ಳುವುದು. ಒಳಗಿನ ಜುಂಗನ್ನು ಬ್ರಷ್‌ನಿಂದ ಹೊರಗೆ ಎಳೆಯಬೇಕು. ಬಾಯಿಂದ ಊದಬೇಡಿ. ಊದಿದರೆ ಜುಂಗು ಇನ್ನೂ ಒಳಗೆ ಹೋಗುತ್ತದೆ, ಉಸಿರಿನ ತೇವವೂ ಕಬ್ಬಿಣಕ್ಕೆ ತಾಗುತ್ತದೆ.

ಕೇಸ್‌ನಲ್ಲೂ ಕಸ ಇರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಸ್ಪ್ರಿಂಗ್ ಪಟ್ಟಿಯ ಕೆಳಗೆ, ದಾರ ಹಾದು ಬರುವ ಜಾಗದಲ್ಲಿ, ಒಂದು ಚೂರು ಜುಂಗು ಕೂತರೂ ಪಟ್ಟಿ ಎತ್ತಿಕೊಳ್ಳುತ್ತದೆ. ಆಗ ದಾರಕ್ಕೆ ಬಿಗಿಯೇ ಸಿಗುವುದಿಲ್ಲ. ಇಂಥ ಹೊತ್ತಿನಲ್ಲಿ ಸ್ಕ್ರೂ ಬಿಗಿ ಮಾಡಿದರೆ ಸ್ವಲ್ಪ ಹೊತ್ತು ಸರಿಹೋದ ಹಾಗೆ ಕಾಣುತ್ತದೆ, ಆಮೇಲೆ ಜುಂಗು ತಾನಾಗಿ ಉದುರಿದ ದಿನ ಕೆಳ ದಾರ ತಂತಿಯ ಹಾಗೆ ಬಿಗಿದು ಪಟಪಟ ಕಡಿಯಲು ಶುರುವಾಗುತ್ತದೆ. ನಾನು ಗಟ್ಟಿ ಕಾಗದದ ಮೂಲೆಯನ್ನು ಪಟ್ಟಿಯ ಕೆಳಗೆ ತೂರಿಸಿ, ದಾರ ಹೋಗುವ ದಿಕ್ಕಿನಲ್ಲೇ ಎಳೆಯುತ್ತೇನೆ. ಸೂಜಿ ಹಾಕಿ ಕೆದಕಿದರೆ ಗೀರು ಬೀಳುತ್ತದೆ, ಆ ಗೀರಿನಲ್ಲಿ ಮುಂದೆ ದಾರ ಸಿಕ್ಕಿಕೊಳ್ಳುತ್ತದೆ.

ಶುಚಿ ಮಾಡಿದ ಮೇಲೆ ಶಟಲ್ ಓಡುವ ದಾರಿಗೆ ಒಂದೇ ಒಂದು ಹನಿ ಎಣ್ಣೆ. ಹೊಲಿಗೆ ಮೆಷಿನ್ ಎಣ್ಣೆಯೇ ಆಗಬೇಕು, ಅಡುಗೆ ಎಣ್ಣೆ ಕೆಲವು ದಿನಕ್ಕೆ ಅಂಟಾಗಿ ಮೆಷಿನನ್ನೇ ಹಿಡಿದುಬಿಡುತ್ತದೆ. ಆಮೇಲೆ ಚಿಂದಿ ಬಟ್ಟೆಯ ಮೇಲೆ ನಾಲ್ಕು ಸಾಲು ಹೊಲಿದು ಎಣ್ಣೆ ಕಲೆ ಹೋಗಲಿ ಅಂತ ಬಿಡಿ.

ಇನ್ನು ಬಾಬಿನ್ ವಿಷಯ. ಇದರಲ್ಲಿ ನಾನು ಎರಡು ತಿಂಗಳು ಮೋಸ ಹೋದೆ. ನನ್ನ ಮೆಷಿನ್‌ಗೆ ಬೇಕಾದದ್ದು "ಕ್ಲಾಸ್ 15" ಅನ್ನುವ ಅಳತೆಯ ಬಾಬಿನ್, ಸುಮಾರು 11.7 ಮಿಲಿಮೀಟರ್ ಎತ್ತರ, ಎರಡೂ ಬದಿ ಚಪ್ಪಟೆ. ಯಾರೋ ಕೊಟ್ಟ ಡಬ್ಬಿಯಲ್ಲಿ ಬೇರೆ ಜಾತಿಯವೂ ಸೇರಿಕೊಂಡಿದ್ದವು. ಅಗಲ ಹೆಚ್ಚು ಕಡಿಮೆ ಅಷ್ಟೇ, ಎತ್ತರ ಮಾತ್ರ ಕಡಿಮೆ. ಕೇಸ್ ಒಳಗೆ ಸಲೀಸಾಗಿ ಕೂರುತ್ತಿದ್ದವು, ಅದೇ ಮೋಸ. ಒಳಗೆ ಕೂತು ಗಡಗಡ ಅಲುಗಾಡುತ್ತಿದ್ದವು, ಹೊಲಿಗೆ ಒಂದು ಸಾಲು ಚೆನ್ನ, ಒಂದು ಸಾಲು ಕೆಟ್ಟದ್ದು. ಟೆನ್ಷನ್ ತಾನಾಗಿ ಬದಲಾಗುತ್ತಿದೆ ಅಂತ ಅಂದುಕೊಂಡಿದ್ದೆ. ಕೊನೆಗೆ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಪಕ್ಕದಿಂದ ನೋಡಿದೆ. ಮೂರು ಗಿಡ್ಡ ಇದ್ದವು. ಎಸೆದೆ. ಅಂಚು ಒರಟಾದ ಪ್ಲಾಸ್ಟಿಕ್ ಬಾಬಿನ್‌ಗಳನ್ನೂ ಅವುಗಳ ಜೊತೆಗೇ ಕಳಿಸಿದೆ. ಬಾಬಿನ್‌ಗೆ ದಾರ ಸುತ್ತುವಾಗಲೂ ಅಷ್ಟೇ, ಮೆಷಿನ್ ಮೇಲಿನ ಪುಟ್ಟ ಟೆನ್ಷನ್ ಗುಂಡಿಯ ಕೆಳಗೆ ದಾರ ಹಾಯಿಸದಿದ್ದರೆ ಸುತ್ತು ಮೆತ್ತಗಾಗುತ್ತದೆ. ಬೆರಳಲ್ಲಿ ಒತ್ತಿದರೆ ತಗ್ಗುವ ಬಾಬಿನ್‌ನಿಂದ ಸಮ ಹೊಲಿಗೆ ಬರುವುದಿಲ್ಲ. ಮತ್ತೆ ಸುತ್ತಿ.

ಕೇಸನ್ನು ವಾಪಸ್ ಹಾಕುವಾಗ ಕಿವಿ ಕೊಡಿ. ಕೊಂಬು ತನ್ನ ಕಚ್ಚಿನಲ್ಲಿ ಸರಿಯಾಗಿ ಕೂತು, ಚಿಲಕ ಬಿಟ್ಟು, ಬೆರಳಿನಿಂದ ಒತ್ತಿದಾಗ "ಟಕ್" ಅನ್ನಬೇಕು. ಆ ಸದ್ದು ಕೇಳದೆ ನಾನು ಒಮ್ಮೆ ದಪ್ಪ ಬಟ್ಟೆ ಹೊಲಿಯಲು ಕೂತೆ. ಎರಡನೇ ಹೊಲಿಗೆಗೆ ಕೇಸ್ ಕಳಚಿಕೊಂಡಿತು, ಸೂಜಿ ಅದರ ಮೇಲೆ ಹೊಡೆದು ಮುರಿಯಿತು. ಹೊಸ ಸೂಜಿ ಹಾಕಿ ಮುಂದುವರಿಸಿದೆ, ಆದರೆ ಅವತ್ತಿನಿಂದ ದಾರ ಕಡಿಯಲು ಶುರು. ದಾರ ಬದಲಿಸಿದೆ, ಸೂಜಿ ಬದಲಿಸಿದೆ, ಏನೂ ಆಗಲಿಲ್ಲ. ಮತ್ತೆ ಆ ಕುಣಿಕೆ ಹೋಗುವ ದಾರಿ ನೆನಪಾಯಿತು. ಕೇಸ್ ಮೇಲೆಲ್ಲ ಹತ್ತಿಯ ಚೂರನ್ನು ಮೆಲ್ಲಗೆ ಸವರಿದೆ. ಕೊಂಬಿನ ಬುಡದ ಹತ್ತಿರ ಹತ್ತಿಯ ಎಳೆ ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದಷ್ಟು ಸಣ್ಣ ಗಾಯ! 1000 ನಂಬರಿನ ಎಮರಿ ಪೇಪರ್‌ನ ತುಂಡನ್ನು ಹತ್ತಿಪ್ಪತ್ತು ಸಲ ಮೆಲ್ಲಗೆ ಆಡಿಸಿದೆ, ಮತ್ತೆ ಹತ್ತಿ ಸವರಿದೆ, ಹಿಡಿಯಲಿಲ್ಲ. ಪುಡಿಯನ್ನೆಲ್ಲ ಚೆನ್ನಾಗಿ ಒರೆಸಿ ಹಾಕಿದ ಮೇಲೆ ದಾರ ಕಡಿಯುವುದು ನಿಂತಿತು. ಶಟಲ್‌ನ ಬೆನ್ನ ಮೇಲಿನ ಗೀರಿಗೂ ಇದೇ ಮಾಡಬಹುದು, ಆದರೆ ಅದರ ಚೂಪು ಮೂತಿಯನ್ನು ಉಜ್ಜಿ ಮೊಂಡು ಮಾಡಬೇಡಿ, ಮೂತಿ ಹೋದರೆ ಕುಣಿಕೆ ಹಿಡಿಯುವುದಿಲ್ಲ, ಆಗ ಹೊಸ ಶಟಲ್ಲೇ ಗತಿ.

ಇಷ್ಟೆಲ್ಲ ನೋಡಿದ ಮೇಲೂ ಹೊಲಿಗೆ ಸರಿ ಇಲ್ಲದಿದ್ದರೆ, ಆಗ ಸ್ಕ್ರೂ. ಮೇಲೆ ಒಂದು ಬಣ್ಣ, ಕೆಳಗೆ ಇನ್ನೊಂದು ಬಣ್ಣ, ಎರಡೂ ಒಂದೇ ದಪ್ಪದ ದಾರ ಹಾಕಿ ಹೊಲಿದು ನೋಡುತ್ತೇನೆ. ಕೆಳಗಿನ ಬಣ್ಣ ಬಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಇಣುಕಿದರೆ ಕೆಳ ದಾರ ಸಡಿಲ, ಇಲ್ಲವೇ ಮೇಲಿನದು ಅತಿ ಬಿಗಿ. ಮೇಲಿನ ಟೆನ್ಷನ್ ಗುಂಡಿಯನ್ನು ಮಧ್ಯಕ್ಕೆ ತಂದರೂ ಹಾಗೇ ಇದ್ದರೆ ಕೇಸನ್ನು ಹೊರಗೆ ತೆಗೆದು ದಾರದಲ್ಲಿ ನೇತುಹಾಕುತ್ತೇನೆ. ತನ್ನ ಭಾರಕ್ಕೆ ತಾನೇ ಸರ್ರನೆ ಇಳಿದರೆ ಸಡಿಲ. ಕೈಯನ್ನು ಒಮ್ಮೆ ಸಣ್ಣಗೆ ಜಗ್ಗಿದಾಗ ಎರಡು ಮೂರು ಬೆರಳಗಲ ಇಳಿದು ನಿಂತರೆ ಸರಿ. ಜಗ್ಗಿದರೂ ಅಲ್ಲಾಡದಿದ್ದರೆ ಬಿಗಿ. ಪಟ್ಟಿಯ ಮೇಲೆ ಎರಡು ಸ್ಕ್ರೂ ಇದ್ದರೆ ನಡುವಿನ ದೊಡ್ಡದು ಟೆನ್ಷನ್‌ಗೆ, ತುದಿಯ ಚಿಕ್ಕದು ಪಟ್ಟಿಯನ್ನು ಹಿಡಿದಿಡಲು. ಚಿಕ್ಕದನ್ನು ಮುಟ್ಟಬೇಡಿ. ದೊಡ್ಡದನ್ನು ಗಡಿಯಾರದ 12ರಿಂದ 1ಕ್ಕೆ ಮುಳ್ಳು ಹೋಗುವಷ್ಟು ಮಾತ್ರ ತಿರುಗಿಸಿ, ಮತ್ತೆ ನೇತುಹಾಕಿ ನೋಡಿ. ಬಲಕ್ಕೆ ಬಿಗಿ, ಎಡಕ್ಕೆ ಸಡಿಲ. ಕೆಳಗೆ ಬಿಳಿ ತಟ್ಟೆಯೋ ಟವೆಲ್ಲೋ ಇಟ್ಟುಕೊಂಡಿರಿ. ನನ್ನ ಕಳೆದುಹೋದ ಸ್ಕ್ರೂ ನೆನಪಿರಲಿ.

ಅಕ್ಕನ ಮೆಷಿನ್ ಬೇರೆ ಥರ, ಬಾಬಿನನ್ನು ಮೇಲಿನಿಂದ ಹಾಕುವ ಪ್ಲಾಸ್ಟಿಕ್ ಕೇಸ್ ಅದರದ್ದು. ಒಮ್ಮೆ ಫೋನ್ ಮಾಡಿ "ನೋಡೇ, ಒಳಗೆ ಕಟಕಟ ಸದ್ದು ಬರ್ತಿದೆ, ಕೇಸ್ ಅಲ್ಲಾಡ್ತಿದೆ, ಬಿಗಿ ಮಾಡೋಕೆ ಸ್ಕ್ರೂ ಎಲ್ಲಿದೆ?" ಅಂತ ಕೇಳಿದಳು. "ಅಕ್ಕಾ, ಸ್ವಲ್ಪ ಅಲ್ಲಾಡಲೇಬೇಕು ಅದು, ಬಿಗಿ ಮಾಡಬೇಡ, ನಾನು ಬರ್ತೀನಿ" ಅಂದೆ. ಹೋಗಿ ಸೂಜಿಯ ಕೆಳಗಿನ ತಟ್ಟೆ ಬಿಚ್ಚಿ ನೋಡಿದರೆ, ಅವಳು ಶುಚಿ ಮಾಡಿ ವಾಪಸ್ ಇಡುವಾಗ ಕೇಸ್ ಮೇಲಿನ ಗುರುತನ್ನು ಮೆಷಿನ್ ಮೇಲಿನ ಗುರುತಿಗೆ ಹೊಂದಿಸಿರಲಿಲ್ಲ. ಸೂಜಿ ಪ್ಲಾಸ್ಟಿಕ್‌ಗೆ ತಾಗಿ ತಾಗಿ ಅಂಚಿನಲ್ಲಿ ನಾಲ್ಕೈದು ಗುಳಿ ಮಾಡಿತ್ತು. ಪ್ಲಾಸ್ಟಿಕ್ಕನ್ನು ಉಜ್ಜಿ ಉಳಿಸುವ ಪ್ರಯತ್ನ ನಾನು ಮಾಡಲಿಲ್ಲ, ಗುಳಿ ಅಷ್ಟು ಆಳ ಇತ್ತು. ಅದೇ ಮಾಡೆಲ್‌ನ ಹೊಸ ಕೇಸ್ ತರಿಸಿ, ಗುರುತು ಹೊಂದಿಸಿ, ಕೈಯಲ್ಲಿ ಚಕ್ರ ಎರಡು ಸುತ್ತು ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಅಂತ ನೋಡಿದ ಮೇಲೆಯೇ ಕರೆಂಟ್ ಹಾಕಿದೆವು. ಹೊಸ ಕೇಸ್‌ನ ಸ್ಕ್ರೂ ಮೇಲೆ ಬಣ್ಣದ ಚುಕ್ಕಿ ಇತ್ತು. ಅದು ಫ್ಯಾಕ್ಟರಿಯಲ್ಲಿ ಹೊಂದಿಸಿದ ಗುರುತು, ಅಕ್ಕನಿಗೆ ಅದನ್ನು ಮುಟ್ಟಲೇಬೇಡ ಅಂತ ಹೇಳಿ ಬಂದಿದ್ದೇನೆ.

ನನ್ನ ಹತ್ತಿರ ಈಗ ಎರಡು ಕೇಸ್ ಇವೆ. ಒಂದು ದಿನನಿತ್ಯದ ದಾರಕ್ಕೆ, ಅದರ ಸ್ಕ್ರೂ ಮುಟ್ಟಿ ಎಷ್ಟೋ ಕಾಲ ಆಯಿತು. ಇನ್ನೊಂದು ದಪ್ಪ ದಾರಕ್ಕೆ ಅಂತಲೇ ಸಡಿಲ ಮಾಡಿಟ್ಟದ್ದು. ಬೆನ್ನ ಮೇಲೆ ಕೆಂಪು ನೇಲ್ ಪಾಲಿಶ್‌ನ ಒಂದು ಚುಕ್ಕಿ ಇಟ್ಟಿದ್ದೇನೆ, ಅದು ಮೇಲಿನ ದಾರ ತಾಗದ ಜಾಗ ಅಂತ ಚಕ್ರ ತಿರುಗಿಸಿ ಖಚಿತ ಮಾಡಿಕೊಂಡು.