ಹಿಂದೆ ಬಿದ್ದವರು ಕಣ ಬಿಡಬೇಕೇ? ಲೆಕ್ಕ ಹಾಕಿ ನೋಡುವ ಬಗೆ

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಯ ವರ್ಷ ಬಂತೆಂದರೆ ನಮ್ಮ ಕನ್ನಡ ಕೂಟದ ಯುಗಾದಿ ಊಟದಲ್ಲಿ ಒಂದು ಜಗಳ ಖಾಯಂ. ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಸುತ್ತಿನಲ್ಲಿ, ಹಿಂದೆ ಬಿದ್ದಿರುವವರು ಪಕ್ಷದ ಒಗ್ಗಟ್ಟಿಗಾಗಿ ಸರಿದು ನಿಲ್ಲಬೇಕೋ ಬೇಡವೋ? ಈಚೆಗೆ ಪೌರತ್ವ ಸಿಕ್ಕ ಹುಡುಗರು “ಆಂಟಿ, ನೀವೇನಂತೀರಿ?” ಅಂತ ನನ್ನ ಕಡೆ ತಿರುಗುತ್ತಾರೆ. ನಾನು ಇಂಡಿಯಾನಾದವಳು, ಅಕೌಂಟ್ಸ್ ಕೆಲಸದವಳು. ಇಲ್ಲಿ ಮೊದಲ ಸಲ ಮತ ಹಾಕಿದ್ದು 2008ರ ಪ್ರೈಮರಿಯಲ್ಲಿ. ಡೆಮಾಕ್ರಟಿಕ್ ಪಕ್ಷದ ಟಿಕೆಟ್ಟಿಗಾಗಿ ಆ ವರ್ಷ ನಡೆದ ಹಿಲರಿ ಕ್ಲಿಂಟನ್–ಬರಾಕ್ ಒಬಾಮ ಹಣಾಹಣಿಯನ್ನೇ ಮುಂದಿಟ್ಟುಕೊಂಡು, ಇದನ್ನು ನೀವೇ ಹೇಗೆ ತೂಗಿ ನೋಡಬಹುದು ಅಂತ ಬರೆಯುತ್ತೇನೆ.

ಮೊದಲು ಊರಿನ ಲೆಕ್ಕಾಚಾರ ಬದಿಗಿಡಿ. ನಮ್ಮ ಕಡೆ ಟಿಕೆಟ್ ಹೈಕಮಾಂಡಿನದು. ಬಂಡಾಯ ಎದ್ದವರಿಗೆ ನಿಗಮ, ಮಂಡಳಿಯ ಆಸೆ ತೋರಿಸಿ, ನಾಮಪತ್ರ ವಾಪಸಿನ ಕೊನೆಯ ದಿನದೊಳಗೆ ಸುಮ್ಮನಾಗಿಸುತ್ತಾರೆ. ಇಲ್ಲಿ ಟಿಕೆಟ್ ತೀರ್ಮಾನವಾಗುವುದೇ ಮತದಾರರಿಂದ, ಒಂದೊಂದೇ ರಾಜ್ಯವಾಗಿ, ವರ್ಷದ ಆರಂಭದಿಂದ ಜೂನ್‌ವರೆಗೆ. ಹಾಗಾಗಿ “ದೊಡ್ಡವರು ಕರೆದು ಬುದ್ಧಿ ಹೇಳಬಾರದೇ?” ಅನ್ನುವ ಮಾತಿಗೆ ಇಲ್ಲಿ ಅರ್ಥವಿಲ್ಲ.

ಈಗ ಪೆನ್ನು ಹಿಡಿಯಿರಿ. ಗೆದ್ದ ರಾಜ್ಯಗಳನ್ನು ಎಣಿಸಬೇಡಿ, ಡೆಲಿಗೇಟ್‌ಗಳನ್ನು, ಅಂದರೆ ಪಕ್ಷದ ಅಧಿವೇಶನದಲ್ಲಿ ಅಭ್ಯರ್ಥಿಗೆ ಮತ ಹಾಕುವ ಪ್ರತಿನಿಧಿಗಳನ್ನು ಎಣಿಸಿ. ಡೆಮಾಕ್ರಟಿಕ್ ಪಕ್ಷದಲ್ಲಿ ಶೇ. 15 ಮತ ದಾಟಿದವರಿಗೆಲ್ಲ ಮತಕ್ಕೆ ತಕ್ಕ ಪಾಲು ಸಿಗುತ್ತದೆ. ಅಂದರೆ ಮುನ್ನಡೆ ಬೆಳೆಯುವುದೂ ನಿಧಾನ, ಕರಗುವುದು ಇನ್ನೂ ನಿಧಾನ. ಲೆಕ್ಕ ಇಷ್ಟೇ: ಬಾಕಿ ಇರುವ ಡೆಲಿಗೇಟ್‌ಗಳಿಗೆ ಅಂತರವನ್ನು ಕೂಡಿಸಿ, ಅರ್ಧ ಮಾಡಿ. ಸಮಕ್ಕೆ ಬರಲು ಹಿಂದೆ ಬಿದ್ದವರು ಅಷ್ಟು ಗೆಲ್ಲಬೇಕು.

2008ರ ಮಾರ್ಚ್ ಮಧ್ಯದಲ್ಲಿ ಪ್ರೈಮರಿಗಳಿಂದ ಆರಿಸಬೇಕಿದ್ದ ಡೆಲಿಗೇಟ್‌ಗಳು 566. ಒಬಾಮ ಮುಂದಿದ್ದದ್ದು ಸುಮಾರು 150. ಕೂಡಿಸಿದರೆ 716, ಅರ್ಧ 358. ಹಿಲರಿಗೆ ಬೇಕಿದ್ದದ್ದು ಬಾಕಿಯಲ್ಲಿ ಶೇ. 63. ಏಪ್ರಿಲ್ 22ರಂದು ಪೆನ್ಸಿಲ್ವೇನಿಯಾವನ್ನು ಸುಮಾರು ಶೇ. 9ರ ಅಂತರದಲ್ಲಿ ಗೆದ್ದರು, ಟಿವಿಯಲ್ಲಿ ಹಬ್ಬ. ಸಿಕ್ಕಿದ್ದೆಷ್ಟು? ಅವರಿಗೆ 85, ಒಬಾಮಗೆ 73, ಅಂದರೆ ಶೇ. 54. ಅಂತರ ಹನ್ನೆರಡು ಇಳಿಯಿತು, ಬಾಕಿ 408ಕ್ಕೆ ಬಂತು, ಬೇಕಾದ ಪಾಲು ಶೇ. 67ಕ್ಕೆ ಏರಿತು. ಗೆದ್ದ ರಾತ್ರಿಯೇ ದಾರಿ ಇನ್ನಷ್ಟು ಕಡಿದಾಯಿತು! ಮೇ 6ರಂದು ನಮ್ಮ ಇಂಡಿಯಾನಾ ಅವರಿಗೆ 38–34ರಲ್ಲಿ ಒಲಿಯಿತು, ಅದೇ ದಿನ ನಾರ್ತ್ ಕ್ಯಾರೊಲಿನಾ 48–67ರಲ್ಲಿ ಕೈಬಿಟ್ಟಿತು. ಮಾರನೇ ದಿನದ ಲೆಕ್ಕದಲ್ಲಿ ಬೇಕಾದದ್ದು ಶೇ. 85. ಅಷ್ಟು ದೊಡ್ಡ ಪಾಲು ಇಬ್ಬರ ಸ್ಪರ್ಧೆಯಲ್ಲಿ ಯಾರಿಗೂ ಸಿಗುವುದಲ್ಲ.

ಹಾಗಾದರೆ ಅವರು ಯಾಕೆ ನಿಂತರು? ಸೂಪರ್‌ಡೆಲಿಗೇಟ್‌ಗಳನ್ನು ಒಲಿಸಿಕೊಳ್ಳಬಹುದು ಅನ್ನುವ ವಾದದ ಮೇಲೆ. ಸಂಸದರು, ಗವರ್ನರ್‌ಗಳು, ಪಕ್ಷದ ಪದಾಧಿಕಾರಿಗಳು ಸೇರಿ ಸುಮಾರು 800 ಮಂದಿ ಆಗ ಯಾರಿಗೆ ಬೇಕಾದರೂ ಮತ ಹಾಕಬಹುದಿತ್ತು. ಅವರಿಲ್ಲದೆ ಇಬ್ಬರಲ್ಲಿ ಯಾರಿಗೂ ಬಹುಮತ ಇರಲಿಲ್ಲ. 2018ರಲ್ಲಿ ಪಕ್ಷ ನಿಯಮ ಬದಲಿಸಿತು. ಪೈಪೋಟಿ ಇದ್ದರೆ ಅಧಿವೇಶನದ ಮೊದಲ ಸುತ್ತಿನಲ್ಲಿ ಈಗ ಅವರಿಗೆ ಮತವಿಲ್ಲ. ಆದ್ದರಿಂದ ಹಿಲರಿಯ ಆ ವಾದವನ್ನು ಇಂದಿನವರಿಗೆ ಅಂಟಿಸಬೇಡಿ. ರಿಪಬ್ಲಿಕನ್ನರಲ್ಲಂತೂ ಗೆದ್ದವರೇ ಪೂರ್ತಿ ಬಾಚಿಕೊಳ್ಳುವ ರಾಜ್ಯಗಳು ಬಹಳ, ಬಾಗಿಲು ಬೇಗ ಮುಚ್ಚುತ್ತದೆ. ಅದೇ 2008ರಲ್ಲಿ ಮಿಟ್ ರಾಮ್ನಿ, ಹಲವು ರಾಜ್ಯಗಳು ಒಟ್ಟಿಗೆ ಮತ ಹಾಕುವ ಸೂಪರ್ ಟ್ಯೂಸ್‌ಡೇ ಆದ ಎರಡೇ ದಿನಕ್ಕೆ ಕಣ ಬಿಟ್ಟರು.

ಲೆಕ್ಕ ಮುಗಿದರೂ ತೀರ್ಪು ಬೇಡ. “ಬಿಡಿ” ಅನ್ನುತ್ತಿರುವವರು ಯಾರು ಅಂತ ನೋಡಿ. ಮಾರ್ಚ್ 28ರಂದು ಹಿಲರಿ ಸರಿಯಲಿ ಎಂದ ಸೆನೆಟರ್ ಪ್ಯಾಟ್ರಿಕ್ ಲೇಹಿ ಒಬಾಮ ಬೆಂಬಲಿಗರು. ಒಬಾಮ ಜಾಣರು, ಆಕೆ ಬೇಕಾದಷ್ಟು ದಿನ ಇರಲಿ ಅಂದುಬಿಟ್ಟರು. ಮುಂದಿರುವವರ ಕಡೆಯವರು ಒಗ್ಗಟ್ಟಿನ ಮಾತೆತ್ತಿದಾಗ ನಾನು ಅರ್ಧ ಕಿವಿಯಲ್ಲಿ ಕೇಳುತ್ತೇನೆ.

ಇನ್ನೊಂದು, ಸರದಿ ಬಾರದ ರಾಜ್ಯಗಳು. ನಮ್ಮ ಪ್ರೈಮರಿ ಮೇ ತಿಂಗಳಲ್ಲಿ. ಅಷ್ಟರಲ್ಲಿ ಸಾಮಾನ್ಯವಾಗಿ ಎಲ್ಲ ಮುಗಿದಿರುತ್ತದೆ, ನಮ್ಮನ್ನು ಕೇಳುವವರಿಲ್ಲ. 2008ರಲ್ಲಿ ಮಾತ್ರ ಹಿಲರಿ ಕ್ರೌನ್ ಪಾಯಿಂಟ್‌ನ ಬಾರಿನಲ್ಲಿ ವಿಸ್ಕಿ ಕುಡಿದರು, ಒಬಾಮ ಕೊಕೊಮೊದಲ್ಲಿ ಬಾಸ್ಕೆಟ್‌ಬಾಲ್ ಆಡಿದರು. ಎರಡೂ ಕಡೆಯವರು ಮನೆಮನೆ ಬಾಗಿಲು ತಟ್ಟಿದರು, ಹೊಸ ಮತದಾರರನ್ನು ಸೇರಿಸಿದರು. ನವೆಂಬರಿನಲ್ಲಿ ಒಬಾಮ ಸುಮಾರು 28,000 ಮತಗಳಿಂದ ಇಂಡಿಯಾನಾ ಗೆದ್ದರು. 1964ರ ನಂತರ ಇಲ್ಲಿ ಗೆದ್ದ ಮೊದಲ ಡೆಮಾಕ್ರಟ್. ವಸಂತದಲ್ಲಿ ತಯಾರಾದ ಹೆಸರಿನ ಪಟ್ಟಿಗಳಿಲ್ಲದೆ ಅಷ್ಟು ತೆಳು ಗೆಲುವು ಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಹಿಲರಿ ಮಾರ್ಚಿನಲ್ಲೇ ಹೊರಟಿದ್ದರೆ ಆ ಪಟ್ಟಿಗಳೆಲ್ಲಿ?

ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಭಾಷಣಕ್ಕೆ. ಎರಡು ಕಾಲಂ ಹಾಕಿ. ಒಂದರಲ್ಲಿ ತಮ್ಮ ಪರವಾಗಿ ಆಡಿದ್ದು, ಇನ್ನೊಂದರಲ್ಲಿ ನಾಳೆ ಎದುರು ಪಕ್ಷ ಹಾಗೆಯೇ ಎತ್ತಿ ಜಾಹೀರಾತಿಗೆ ಹಾಕಬಹುದಾದದ್ದು. ಆರೋಗ್ಯ ವಿಮೆಯಲ್ಲಿ ನನ್ನ ಯೋಜನೆ ಮೇಲು ಅಂದರೆ ಮೊದಲನೆಯದಕ್ಕೆ. ನನಗೂ ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್‌ಗೂ ಅನುಭವವಿದೆ, ಒಬಾಮ ಬಳಿ ಇರುವುದು 2002ರ ಒಂದು ಭಾಷಣ ಅನ್ನುವ ಅರ್ಥದಲ್ಲಿ ಹಿಲರಿ ಆಡಿದ್ದು ಎರಡನೆಯದಕ್ಕೆ. ಮೇ 6ರ ನಂತರವೂ ದುಡಿಯುವ ಬಿಳಿಯರ ಬೆಂಬಲ ತಮಗೇ ಅಂತ ಸಂದರ್ಶನದಲ್ಲಿ ಹೇಳಿದರಲ್ಲ, ಅದು ನನಗೆ ಇಂದಿಗೂ ಹಿಡಿಸಿಲ್ಲ. ಎರಡನೇ ಕಾಲಂ ಉದ್ದವಾಗುತ್ತಾ ಹೋದರೆ, ಶೇಕಡಾ ಎಷ್ಟಿದ್ದರೂ ಸರಿ, ಹೊರಡುವ ಹೊತ್ತು.

ಹಣದ ಬಗ್ಗೆ ಚಿಕ್ಕ ಮಾತು: ಹಿಲರಿ ತಮ್ಮ ಪ್ರಚಾರಕ್ಕೆ ಸ್ವಂತದ ಒಂದು ಕೋಟಿ ಡಾಲರ್‌ಗೂ ಮಿಗಿಲಾಗಿ ಸಾಲ ಕೊಟ್ಟಿದ್ದರು. ಅಭ್ಯರ್ಥಿಯೇ ಸಾಲ ಕೊಡುತ್ತಿದ್ದಾರೆಂದರೆ ಉಳಿದವರ ನಂಬಿಕೆ ಕರಗಿದೆ ಅಂತಲೇ ಓದಿಕೊಳ್ಳಿ. ಉತ್ಸಾಹದಲ್ಲಿ ನೀವೂ ದೇಣಿಗೆ ಕೊಡುವ ಮುನ್ನ ನೆನಪಿಡಿ, ಗ್ರೀನ್ ಕಾರ್ಡ್ ಇದ್ದರೆ ಕೊಡಬಹುದು, ಎಚ್-1ಬಿ ವೀಸಾದವರು ಕೊಡುವ ಹಾಗಿಲ್ಲ.

ಎಲ್ಲಿಯವರೆಗೆ ನಿಲ್ಲಬಹುದು? ಮಾತು ಹಿಡಿತದಲ್ಲಿದ್ದರೆ ಕೊನೆಯ ರಾಜ್ಯದ ಮತದಾನದವರೆಗೆ. ಅದರಾಚೆ ಒಂದು ವಾರವೂ ಬೇಡ. 2008ರಲ್ಲಿ ಜೂನ್ 3ಕ್ಕೆ ಮತದಾನ ಮುಗಿಯಿತು, 7ಕ್ಕೆ ಹಿಲರಿ ವಾಷಿಂಗ್ಟನ್ನಿನಲ್ಲಿ ಪ್ರಚಾರ ನಿಲ್ಲಿಸಿ ಒಬಾಮಗೆ ಬೆಂಬಲ ಸಾರಿದರು. 27ಕ್ಕೆ ಇಬ್ಬರೂ ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಎಂಬ ಊರಿನಲ್ಲಿ ಒಂದೇ ವೇದಿಕೆಗೆ ಬಂದರು. ಆ ಊರಿನ ಪ್ರೈಮರಿಯಲ್ಲಿ ಇಬ್ಬರಿಗೂ ಬಿದ್ದದ್ದು ತಲಾ 107 ಮತ! ಆಗಸ್ಟಿನಲ್ಲಿ ಡೆನ್ವರ್ ಅಧಿವೇಶನದಲ್ಲಿ ಎಣಿಕೆ ನಿಲ್ಲಿಸಿ ಒಬಾಮರನ್ನು ಒಮ್ಮತದಿಂದ ಆರಿಸೋಣ ಎಂದು ಸೂಚಿಸಿದ್ದೂ ಹಿಲರಿಯೇ. 1980ರಲ್ಲಿ ಟೆಡ್ ಕೆನಡಿ ಹಾಗೆ ಮಾಡಲಿಲ್ಲ. ಹಿಂದಿದ್ದೂ ತಮ್ಮದೇ ಪಕ್ಷದ ಹಾಲಿ ಅಧ್ಯಕ್ಷ ಕಾರ್ಟರ್ ವಿರುದ್ಧದ ಜಗಳವನ್ನು ಆಗಸ್ಟಿನ ಅಧಿವೇಶನದ ಒಳಕ್ಕೇ ಒಯ್ದರು. ಕಾರ್ಟರ್ ರಿಪಬ್ಲಿಕನ್ ರೇಗನ್‌ಗೆ ಎಲೆಕ್ಟೋರಲ್ ಮತಗಳಲ್ಲಿ 489–49ರಲ್ಲಿ ಸೋತರು. ಬೆಲೆಯೇರಿಕೆ, ಇರಾನಿನ ಒತ್ತೆಯಾಳುಗಳು ದೊಡ್ಡ ಕಾರಣ, ನಿಜ. ಮನೆಜಗಳವೂ ತನ್ನ ಪಾಲು ಸಲ್ಲಿಸಿತು.

ಕಣ ಬಿಟ್ಟ ಮಾತ್ರಕ್ಕೆ ಮತದಾರರು ಹಿಂದೆಯೇ ಬರುತ್ತಾರೆ ಅಂದುಕೊಳ್ಳಬೇಡಿ. 2024ರಲ್ಲಿ ಟ್ರಂಪ್ ಎದುರು ಹಿಂದೆ ಬಿದ್ದಿದ್ದ ನಿಕ್ಕಿ ಹೇಲಿ ಮಾರ್ಚ್ 6ಕ್ಕೇ ನಿಲ್ಲಿಸಿದ್ದರು. ಎರಡು ತಿಂಗಳ ನಂತರ ನಮ್ಮ ರಾಜ್ಯದ ರಿಪಬ್ಲಿಕನ್ ಮತಪತ್ರದಲ್ಲಿ ಅವರ ಹೆಸರು ಇನ್ನೂ ಇತ್ತು, ಶೇ. 20ಕ್ಕೂ ಹೆಚ್ಚು ಮಂದಿ ಅದಕ್ಕೇ ಒತ್ತಿದರು. ನಿಮ್ಮ ಅಭ್ಯರ್ಥಿ ಹೊರಟುಹೋಗಿದ್ದರೂ ನೀವು ಹೋಗಿ ಬನ್ನಿ. ರಾಜ್ಯದ ಶಾಸಕರು, ಕೌಂಟಿಯ ಹುದ್ದೆಗಳು ಎಲ್ಲ ಅದೇ ಮತಪತ್ರದಲ್ಲಿರುತ್ತವೆ. ಇಂಡಿಯಾನಾದಲ್ಲಾದರೆ ಫೋಟೋ ಇರುವ ಸರ್ಕಾರಿ ಗುರುತಿನ ಚೀಟಿ ಬೇಕು, ಯಾವ ಪಕ್ಷದ ಮತಪತ್ರ ಅಂತ ಅಲ್ಲೇ ಕೇಳುತ್ತಾರೆ, ಸಂಜೆ 6ಕ್ಕೆ ಬಾಗಿಲು ಹಾಕುತ್ತಾರೆ.