ಆರ್ಮರ್ ಆಮೇಲೆ, ಮೊದಲು ಒಳಗಿನ ವೈರಿಂಗ್ ನೋಡ್ಕೊಳ್ಳಿ: ಕಾಂಬ್ಯಾಟ್ ರೋಬೋಟ್ ಕಟ್ಟೋದ್ರಲ್ಲಿ ನನ್ನ ಅನುಭವ

ಕಾಂಬ್ಯಾಟ್ ರೋಬೋಟ್ (ಅಖಾಡದಲ್ಲಿ ಒಂದನ್ನೊಂದು ಹೊಡೆದು ಕೆಡವೋ ರಿಮೋಟ್ ರೋಬೋಟ್) ಹುಚ್ಚು ಹತ್ತಿದವರು ಎಲ್ರೂ ಮೊದಲು ಕೇಳೋದು ಒಂದೇ, ಆರ್ಮರ್, ಅಂದ್ರೆ ಹೊರಗಿನ ಕವಚ, ಎಷ್ಟು ದಪ್ಪ ಹಾಕ್ಬೇಕು ಅಂತ. ನಾನು ಕಟ್ಟೋದು ಬೀಟಲ್‌ವೇಟ್, ಅಂದ್ರೆ 3 ಪೌಂಡ್, ಸುಮಾರು 1.36 ಕೆಜಿ ಒಳಗೆ ಮೋಟರ್ ಬ್ಯಾಟರಿ ವೆಪನ್ ಎಲ್ಲಾ ಮುಗೀಬೇಕು (ಬ್ರಿಟನ್‌ನಲ್ಲಿ ಇದೇ ಕ್ಲಾಸಿಗೆ 1.5 ಕೆಜಿ ಬಿಡ್ತಾರೆ). ಫೈಟಲ್ಲಿ ಸತ್ತ ರೋಬೋಟ್‌ಗಳನ್ನ ಬಿಚ್ಚಿ ನೋಡಿ, ಆರ್ಮರ್ ತೂತಾಗಿ ಸತ್ತಿರೋದು ಕಮ್ಮಿ, ಬೆಸುಗೆ ಬಿಟ್ಟು, ಕನೆಕ್ಟರ್ ಕಳಚಿ, ಸ್ಕ್ರೂ ಲೂಸಾಗಿ ನಿಂತಿರೋದೇ ಜಾಸ್ತಿ.

ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕಿದ್ರೆ ಗೊತ್ತಾಗುತ್ತೆ. ಎದುರಾಳಿ ಹತ್ರ 300 ಗ್ರಾಂ ತೂಕದ, 10 ಸೆಂಮೀ ವ್ಯಾಸದ ಡಿಸ್ಕ್ ಇದೆ, ನಿಮಿಷಕ್ಕೆ 10,000 ಸುತ್ತು ತಿರುಗ್ತಿದೆ ಅನ್ಕೊಳ್ಳಿ, ಅದರಲ್ಲಿ ಸುಮಾರು 200 ಜೂಲ್ ಶಕ್ತಿ ತುಂಬಿರುತ್ತೆ. ನಿಮ್ಮ ರೋಬೋಟನ್ನ 15 ಮೀಟರ್ ಎತ್ತರದಿಂದ ಬೀಳಿಸಿದ್ರೆ ಬರೋದೂ ಹೆಚ್ಚುಕಮ್ಮಿ ಅಷ್ಟೇ. ಅಷ್ಟೂ ಒಂದೇ ಏಟಲ್ಲಿ ನಿಮಗೆ ಬೀಳಲ್ಲ ಅನ್ನಿ, ಆದ್ರೆ ಬಿದ್ದಷ್ಟನ್ನ ಚಾಸಿ (ರೋಬೋಟಿನ ಒಡಲು) ತಡ್ಕೊಂಡ್ರೂ ಅದರ ಜರ್ಕ್ ನೇರ ಒಳಗೆ ಹೋಗುತ್ತೆ, ಅಲ್ಲಿ ಕೂದಲಿನಷ್ಟು ಸಣ್ಣ ತಂತಿ ಮೇಲೆ ನೇತಾಡ್ತಿರೋ, ರಿಮೋಟಿನ ಸಿಗ್ನಲ್ ಹಿಡಿಯೋ ರಿಸೀವರ್‌ಗೆ ತಡ್ಕೊಳ್ಳೋ ತಾಕತ್ತೆಲ್ಲಿ?

ಅದಕ್ಕೇ ನಾನು ಚಾಸಿಗೆ ಯು‌ಎಚ್‌ಎಂಡಬ್ಲ್ಯೂ ಪ್ಲಾಸ್ಟಿಕ್ ಹಾಕ್ತೀನಿ. ಅಲ್ಯೂಮಿನಿಯಮ್ಮಿನ ಸಾಂದ್ರತೆ ಘನ ಸೆಂಮೀಗೆ 2.7 ಗ್ರಾಂ, ಇದರದ್ದು ಸುಮಾರು 0.94, ಅಂದ್ರೆ ಅದೇ ತೂಕಕ್ಕೆ ಹತ್ತಿರ ಹತ್ತಿರ ಮೂರು ಪಟ್ಟು ದಪ್ಪ ಸಿಗುತ್ತೆ, ಬ್ಲೇಡ್ ಬಿದ್ರೆ ಒಂದು ಚೂರು ಕಿತ್ಕೊಂಡು ಹೋಗುತ್ತೆ ಹೊರತು ಚೂರುಚೂರಾಗಲ್ಲ. ತೊಂದ್ರೆ ಏನಂದ್ರೆ ಇದಕ್ಕೆ ಗಮ್ ಹಿಡಿಯಲ್ಲ, ನೇರವಾಗಿ ಥ್ರೆಡ್ ಹಾಕಿದ್ರೂ ಏಟಿಗೆ ಕಿತ್ಕೊಂಡು ಬರುತ್ತೆ, ಹಾಗಾಗಿ ಅಡ್ಡ ತೂತು ಕೊರೆದು ಬ್ಯಾರೆಲ್ ನಟ್ (ಅಡ್ಡಕ್ಕೆ ಥ್ರೆಡ್ ಇರೋ ಉರುಳೆ ಥರದ ನಟ್) ಕೂರಿಸಿ. ಮುಂಭಾಗದ ಇಳಿಜಾರು ವೆಡ್ಜ್‌ಗೆ ಗ್ರೇಡ್ 5 ಟೈಟಾನಿಯಂ ಅಥವಾ ಎಆರ್500 ಸ್ಟೀಲ್, ಅದನ್ನೂ ಚಾಸಿಗೆ ಬಿಗಿಯಾಗಿ ಬೋಲ್ಟ್ ಮಾಡದೆ ನಡುವೆ ರಬ್ಬರ್ ವಾಷರ್ ಕೊಟ್ಟು ಕೂರಿಸ್ತೀನಿ. ತ್ರೀಡಿ ಪ್ರಿಂಟರ್ ಇದ್ರೆ ಟಿಪಿಯು (ರಬ್ಬರ್ ಥರ ಬಳುಕೋ ಪ್ಲಾಸ್ಟಿಕ್) ಕೂಡ ಒಳ್ಳೇದೇ, ಇನ್‌ಫಿಲ್ (ಒಳಗೆ ತುಂಬೋ ಜಾಲರಿ) ಜಾಸ್ತಿ ಮಾಡೋದಕ್ಕಿಂತ ಹೊರಗಿನ ಗೋಡೆ ಲೇಯರ್‌ಗಳನ್ನ ಜಾಸ್ತಿ ಮಾಡಿ. ಅಕ್ರಿಲಿಕ್ ಮಾತ್ರ ಬೇಡವೇ ಬೇಡ. ಮೇಲಿನ ಮುಚ್ಚಳಕ್ಕೆ ಪಾಲಿಕಾರ್ಬೊನೇಟ್ ನಡಿಯುತ್ತೆ, ಆದ್ರೆ ಥ್ರೆಡ್‌ಲಾಕರ್ (ಸ್ಕ್ರೂ ಲೂಸಾಗದ ಹಾಗೆ ಹಾಕೋ ಗಮ್) ಅದಕ್ಕೆ ತಾಗದ ಹಾಗೆ ನೋಡ್ಕೊಳ್ಳಿ, ತಾಗಿದ್ರೆ ಸ್ಕ್ರೂ ತೂತಿನ ಸುತ್ತ ಜೇಡರ ಬಲೆ ಥರ ಸಣ್ಣ ಸಣ್ಣ ಬಿರುಕು ಬಂದು ಮುಂದಿನ ಏಟಿಗೆ ಮುಚ್ಚಳ ಹಾರಿಹೋಗುತ್ತೆ.

ಈಗ ವೈರಿಂಗ್‌ಗೆ ಬರೋಣ, ನಾನು ಜಾಸ್ತಿ ಟೈಮ್ ಕಳೆಯೋದು ಇಲ್ಲೇ. ಸಿಲಿಕೋನ್ ವೈರ್ ಬಳಸಿ, ಅದು ಮೆತ್ತಗೆ ಬಳುಕುತ್ತೆ. ಬೆಸುಗೆ ಹಾಕಿದಾಗ ಕರಗಿದ ಸೋಲ್ಡರ್ ಎಳೆಗಳ ನಡುವೆ ಹೀರ್ಕೊಂಡು ಇನ್ಸುಲೇಷನ್ ಒಳಗೂ ಸ್ವಲ್ಪ ದೂರ ಏರಿರುತ್ತೆ, ಆ ಭಾಗ ಕಡ್ಡಿ ಥರ ಗಟ್ಟಿಯಾಗುತ್ತೆ, ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ ನೋಡಿ, ಎಲ್ಲಿ ಗಟ್ಟಿ ಮುಗಿದು ಮೆತ್ತಗಾಗುತ್ತೋ ಸರಿಯಾಗಿ ಅಲ್ಲೇ ವೈರ್ ಮುರಿಯೋದು, ಬೆಸುಗೆ ಹಾಕಿದ ಜಾಗದಲ್ಲಿ ಅಲ್ಲ. ಅದಕ್ಕೆ ಆ ಗಟ್ಟಿ ಜಾಗ ಪೂರ್ತಿ ಮುಚ್ಚೋ ಹಾಗೆ ಹೀಟ್‌ಶ್ರಿಂಕ್ (ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯೋ ಕೊಳವೆ) ಹಾಕ್ತೀನಿ, ಅದರ ಹಿಂದೆ ಒಂದು ಸೆಂಮೀ ದೂರದಲ್ಲಿ ಚಾಸಿಗೇ ಎರಡು ತೂತು ಕೊರೆದು ಜಿಪ್ ಟೈ ಹಾಕಿ ಕಟ್ತೀನಿ, ಜಿಪ್ ಟೈಗೂ ಜಾಯಿಂಟ್‌ಗೂ ನಡುವೆ ವೈರ್ ಸ್ವಲ್ಪ ಸಡಿಲ ಬಿಡ್ತೀನಿ. ಎಳೆತ ಏನಿದ್ರೂ ಜಿಪ್ ಟೈ ಮೇಲೆ ಬೀಳ್ಲಿ. ರಿಸೀವರ್‌ಗೆ ಪ್ಲಗ್ ಸಿಕ್ಕಿಸೋ ಬದಲು ವೈರನ್ನ ನೇರ ಬೆಸುಗೆ ಹಾಕೋದು ವಾಸಿ, ಪ್ಲಗ್ಗೇ ಬೇಕು ಅನ್ನೋರು ಮೇಲೊಂದು ಚೂರು ಹಾಟ್ ಗ್ಲೂ ಬಿಡಿ. ಇಎಸ್‌ಸಿ (ಮೋಟರ್ ಸ್ಪೀಡ್ ನಿಯಂತ್ರಿಸೋ ಬೋರ್ಡ್) ಹತ್ರ ಮಾತ್ರ ಹಾಟ್ ಗ್ಲೂ ನಂಬ್ಕೋಬೇಡಿ, ಅದು ಬಿಸಿ ಆದ್ರೆ ಗ್ಲೂ ಮೆತ್ತಗಾಗಿ ಜಾರುತ್ತೆ. ಬ್ಯಾಟರಿ ಕನೆಕ್ಟರ್ ಎಷ್ಟೇ ಟೈಟ್ ಇರ್ಲಿ, ಮೇಲೊಂದು ಸುತ್ತು ಟೇಪ್ ಹಾಕಿ.

ಬ್ಯಾಟರಿ ಸುತ್ತ ಫೋಮ್, ಅದರ ಹೊರಗೆ ಟಿಪಿಯು ಡಬ್ಬಿ. ಯಾವ ಸ್ಕ್ರೂ ತುದಿನೂ ಆ ಕಡೆ ಮುಖ ಮಾಡಿರಬಾರ್ದು, ಚಾಸಿ ಬಗ್ಗಿದಾಗ ಎಷ್ಟು ಒಳಗೆ ಬರುತ್ತೆ ಅಂತಾನೂ ಯೋಚ್ನೆ ಮಾಡಿ. ಲೈಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಸೆಲ್ 4.2 ವೋಲ್ಟ್‌ಗೆ ಫುಲ್, 3 ವೋಲ್ಟ್ ಕೆಳಗೆ ಇಳಿಸಿದ್ರೆ ಹಾಳು, ಎತ್ತಿಡೋವಾಗ 3.8. ಊದಿದ್ದು, ಏಟು ತಿಂದಿದ್ದು ಮತ್ತೆ ಚಾರ್ಜಿಗೆ ಹಾಕೋ ಮಾತೇ ಇಲ್ಲ. ಚಾರ್ಜ್ ಆಗ್ತಿರೋವಾಗ ಪಕ್ಕದಲ್ಲೇ ಇರಿ, ಒಂದು ಬಕೆಟ್ ಮರಳೂ ಇರ್ಲಿ.

ವೆಪನ್ ಮೋಟರ್‌ಗೆ ಡೈರೆಕ್ಟ್ ಡ್ರೈವ್‌ಗಿಂತ ಬೆಲ್ಟ್ ನಂಗಿಷ್ಟ, ದೊಡ್ಡ ಏಟು ಬಿದ್ದಾಗ ಬೆಲ್ಟ್ ಜಾರಿ ಮೋಟರ್ ಬಚಾವಾಗುತ್ತೆ. ಔಟ್‌ರನ್ನರ್ ಮೋಟರ್ (ಹೊರಗಿನ ಡಬ್ಬಿಯೇ ತಿರುಗೋ ಮೋಟರ್) ಒಳಗಿನ ಮ್ಯಾಗ್ನೆಟ್‌ಗಳ ಸಂದಿಗೆ ಎಪಾಕ್ಸಿ ತುಂಬೋದು ಮರೀಬೇಡಿ, ಕಂಪನಿ ಹಾಕಿರೋ ಗಮ್ ಈ ಕೆಲಸಕ್ಕೆ ಅಂತ ಹಾಕಿದ್ದಲ್ಲ.

ಸ್ಕ್ರೂಗಳ ವಿಷಯ ಬೇಗ ಮುಗಿಸ್ತೀನಿ. ಲೋಹಕ್ಕೆ ಲೋಹ ಸೇರೋ ಕಡೆ ನೀಲಿ ಥ್ರೆಡ್‌ಲಾಕರ್, ಹಾಕೋ ಮುಂಚೆ ಎಣ್ಣೆ ಜಿಡ್ಡು ಆಲ್ಕೋಹಾಲಲ್ಲಿ ಒರೆಸಿ, ಪೂರ್ತಿ ಗಟ್ಟಿಯಾಗೋಕೆ 24 ಗಂಟೆ ಬಿಡಿ, ಫೈಟಿನ ಬೆಳಗ್ಗೆ ಹಾಕಿದ್ರೆ ಏನೂ ಪ್ರಯೋಜನ ಇಲ್ಲ. ಟೈಟ್ ಮಾಡಿದ ಮೇಲೆ ಸ್ಕ್ರೂ ತಲೆ ಮತ್ತೆ ಚಾಸಿ ಎರಡರ ಮೇಲೂ ಹಾದುಹೋಗೋ ಹಾಗೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೀರಿ, ಗೆರೆ ಮುರಿದಿದ್ರೆ ಸ್ಕ್ರೂ ತಿರುಗಿದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ.

ಇನ್ನು ಸೇಫ್ಟಿ, ಇದರಲ್ಲಿ ನಾನು ಯಾರ ಮಾತೂ ಕೇಳಲ್ಲ. ವೆಪನ್ ತಿರುಗ್ಸೋದು ಪಾಲಿಕಾರ್ಬೊನೇಟ್ ಟೆಸ್ಟ್ ಬಾಕ್ಸ್ ಒಳಗೆ ಮಾತ್ರ, ಟೇಬಲ್ ಮೇಲೆ "ಸ್ವಲ್ಪ ಸ್ಪೀಡಲ್ಲಿ ಒಂದು ಸಲ" ಅನ್ನೋದೂ ಇಲ್ಲ. ಮೊದಲು ಟ್ರಾನ್ಸ್‌ಮಿಟರ್ ಆನ್, ಆಮೇಲೆ ವೆಪನ್ ಲಾಕ್ (ವೆಪನ್ ತಿರುಗದ ಹಾಗೆ ತಡೆಯೋದು) ಹಾಕಿರೋ ಸ್ಥಿತಿಯಲ್ಲೇ ಪವರ್ ಲಿಂಕ್ (ಬ್ಯಾಟರಿ ಕರೆಂಟ್ ಜೋಡಿಸೋ ಪ್ಲಗ್), ಲಾಕ್ ತೆಗೆದ ತಕ್ಷಣ ಕೈ ಹೊರಗೆ, ಬಾಗಿಲು ಬಂದ್. ಆಫ್ ಮಾಡೋವಾಗ ಇದೇ ತಿರುಗಾಮುರುಗಾ. ಫೇಲ್‌ಸೇಫ್ ಟೆಸ್ಟ್‌ಗೆ (ಸಿಗ್ನಲ್ ಹೋದ್ರೆ ಎಲ್ಲಾ ತಾನೇ ನಿಲ್ಲುತ್ತಾ ಅಂತ ನೋಡೋದು) ಬೆಲ್ಟ್ ತೆಗೆದು, ಚಕ್ರ ನೆಲಕ್ಕೆ ತಾಗದ ಹಾಗೆ ಮರದ ತುಂಡಿನ ಮೇಲಿಟ್ಟು, ಚಕ್ರ ಮತ್ತೆ ವೆಪನ್ ಮೋಟರ್ ಎರಡೂ ತಿರುಗ್ತಿರೋವಾಗ್ಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ, ಎಲ್ಲಾ ನಿಲ್ಬೇಕು. ನಿಲ್ಲದಿದ್ರೆ ಅವತ್ತು ಬೇರೇನೂ ಮಾಡ್ಬೇಡಿ, ಅದನ್ನೇ ಸರಿ ಮಾಡಿ.

ಕಟ್ಟಿ ಮುಗಿದ ಮೇಲೆ ನಂದೊಂದು ಪರೀಕ್ಷೆ ಇದೆ, ನೋಡೋರಿಗೆ ನಗು ಬರುತ್ತೆ. ಪವರ್ ಇಲ್ಲದೆ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತೀನಿ, ಟಿಕ್ ಅಂತ ಸಣ್ಣ ಸದ್ದು ಬಂದ್ರೂ ಬಿಚ್ತೀನಿ. ಆಮೇಲೆ ವೆಪನ್ ಪೂರ್ತಿ ತೆಗೆದಿಟ್ಟು, ಪವರ್ ಕೊಟ್ಟು, ರಬ್ಬರ್ ಸುತ್ತಿಗೆಯಲ್ಲಿ ನಾಕೂ ಕಡೆಯಿಂದ ಚಾಸಿಗೆ ಬಾರಿಸ್ತೀನಿ (ಬ್ಯಾಟರಿ ಇರೋ ಜಾಗ ಬಿಟ್ಟು), ಕಣ್ಣು ರಿಸೀವರ್ ಎಲ್‌ಇಡಿ ಮೇಲೇ ಇರುತ್ತೆ. ಒಂದೇ ಒಂದು ಸಲ ಮಿನುಗಿದ್ರೂ ಎಲ್ಲೋ ಒಂದು ಜಾಯಿಂಟ್ ಕೈ ಕೊಡ್ತಿದೆ ಅಂತ ಲೆಕ್ಕ, ಅದು ಸಿಗೋವರೆಗೂ ಒಂದೊಂದೇ ವೈರನ್ನ ಪೆನ್ಸಿಲ್ ತುದಿಯಲ್ಲಿ ತಳ್ಳಿ ತಳ್ಳಿ ನೋಡ್ತಾ ಹೋಗ್ತೀನಿ.